ಯಶಸ್ವಿಯಾದ ತಪ್ಪಿಗೆ ಗಡೀಪಾರಾಗಲಿರುವ ಕಫಪರೀಕ್ಷೆ ಯಂತ್ರ

ಮಾನ್ಯ ಆರೋಗ್ಯಾಧಿಕಾರಿಗಳೇ,

ನಿಮಗೆ ಕೈ ಮುಗಿಯಲೋ, ನಿಮ್ಮೊಡನೆ ಜಗಳಕ್ಕೆ ನಿಲ್ಲಲೋ ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡುತ್ತಿದ್ದೇನೆ. ನಮ್ಮ ಬೀದಿಯ ಚಿಕ್ಕ ಆಸ್ಪತ್ರೆಗೆ ಕ್ಷಯ ಪತ್ತೆಯ ಯಂತ್ರವನ್ನು ಪ್ರಯೋಗಕ್ಕೆಂದು ಕೊಟ್ಟವರೂ ನೀವೇ. "ಪ್ರಯೋಗ ಯಶಸ್ವಿಯಾಗಿರುವುದರಿಂದ ಯಂತ್ರವನ್ನು ಶುಕ್ರವಾರ ದೊಡ್ಡಾಸ್ಪತ್ರೆಗೆ ಮರಳಿಸತಕ್ಕದ್ದು" ಎಂದು ಆದೇಶಿಸಿದವರೂ ನೀವೇ. ಆಹಾ! ಸೋತಿದ್ದರೆ ಇಲ್ಲೇ ಬಿಡುತ್ತಿದ್ದಿರೇನೋ?

ನಾನು ಹೊಲಿಗೆಯವಳು. ನಮ್ಮ ಯಜಮಾನರು ಗ್ರಂಥಾಲಯದ ಅಟೆಂಡರ್. ಗಲಾಟೆ ಮಾಡುವವರನ್ನು ಸುಮ್ಮನಾಗಿಸುತ್ತಲೇ ತಲೆ ನರೆತ ಮನುಷ್ಯ. ನಾಲ್ಕು ಜನರೆದುರು ಕೆಮ್ಮುವುದೆಂದರೆ ಜೀವ ಹೋದಂತೆ. ಬೇಸಿಗೆಯಿಡೀ ಅವರು ಕೆಮ್ಮು ನುಂಗಿಕೊಂಡು ಸೊರಗುತ್ತ ಹೋದರು, ನಾನು ಅವರ ಅಂಗಿಗಳನ್ನು ಬಿಗಿ ಮಾಡುತ್ತ ಹೋದೆ. ದೊಡ್ಡಾಸ್ಪತ್ರೆಗೆ ಕಫ ಕಳಿಸಿದೆವು. ಕಾದು ಕಾದು ಸಾಕಾದ ಮೇಲೆ ಉತ್ತರ ಬಂತು: "ಮಾದರಿ ಯೋಗ್ಯವಲ್ಲ." ಮತ್ತೆ ಕಳಿಸಿದೆವು, ಮತ್ತೆ ಅದೇ ರಾಗ. ಏನು ತಪ್ಪಾಗಿದೆ ಎಂದು ಹೇಳುವ ಪುಣ್ಯಾತ್ಮರು ಯಾರೂ ಇರಲಿಲ್ಲ.

ಯಂತ್ರ ಬಂದ ದಿನ ನಮ್ಮ ನರ್ಸಮ್ಮ ಇವರ ಡಬ್ಬಿಯನ್ನು ಬೆಳಕಿಗೆ ಹಿಡಿದು ನಕ್ಕೇಬಿಟ್ಟರು.

"ಏನಣ್ಣಾ ಇದು? ಬರೀ ಉಗುಳು! ಕಫ ಎಲ್ಲಿ?"

"ಅಷ್ಟು ಜೋರಾಗಿ ಹೇಗಮ್ಮಾ... ಜನ ಇದ್ದಾರೆ," ಎಂದರು ಇವರು.

"ಇರ್ಲಿ ಬಿಡಿ. ಹಿತ್ತಲಿಗೆ ಹೋಗಿ, ಎದೆಯಿಂದ ಕೆಮ್ಮಿ. ನಾಚಿಕೆ ಆಮೇಲೆ ಪಡೋರಂತೆ."

ಹೋದರು. ಕೆಮ್ಮಿದರು ನೋಡಿ ಸ್ವಾಮೀ! ಗೋಡೆ ಮೇಲಿದ್ದ ಬೆಕ್ಕು ಪೇರಿ ಕಿತ್ತಿತು. ಸಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಬೆಳಿಗ್ಗೆ ಕೊಟ್ಟ ಕಫಕ್ಕೆ ಮಧ್ಯಾಹ್ನವೇ ಉತ್ತರ: ಕ್ಷಯ ಇದೆ. ಸಂಜೆಗೆ ಮಾತ್ರೆ ಕೈಯಲ್ಲಿತ್ತು. ಗಂಡನಿಗೆ ಕ್ಷಯ ಎಂದು ತಿಳಿದು ನರ್ಸನ್ನು ತಬ್ಬಿ ಕುಣಿದಾಡಿದ ಹೆಂಗಸನ್ನು ಎಲ್ಲಾದರೂ ಕಂಡಿದ್ದೀರಾ? ನಾನೇ ಅವಳು! ಮೊನ್ನೆ ಅವರ ಅಂಗಿಯ ಹೊಲಿಗೆ ಬಿಚ್ಚಿ ಮತ್ತೆ ಸಡಿಲ ಮಾಡಿದೆ.

"ಯಂತ್ರ ದೂರವಿದ್ದರೇನು, ಕಫ ಕಳಿಸಿ" ಎನ್ನಬೇಡಿ. ಕಫವೇನೋ ಬಸ್ಸಿನಲ್ಲಿ ಹೋದೀತು. "ಇನ್ನೊಮ್ಮೆ ಕೆಮ್ಮಿ" ಎನ್ನುವವರು ಎದುರಿಗಿರಬೇಡವೇ?

ಈಗ ನಮ್ಮ ಮಗಳು ಕೆಮ್ಮುತ್ತಿದ್ದಾಳೆ. ಇವರೇ ಅವಳಿಗೆ ಹಿತ್ತಲಲ್ಲಿ ಪಾಠ ಹೇಳುತ್ತಿದ್ದಾರೆ: "ಜೋರಾಗಿ ಮಗಳೇ, ಇನ್ನೂ ಜೋರಾಗಿ!" ನನಗೆ ನಗು ಬರುತ್ತದೆ, ಹೆದರಿಕೆಯೂ ಆಗುತ್ತದೆ. ಅವಳ ಸರದಿ ಶುಕ್ರವಾರ ಬೆಳಿಗ್ಗೆ. ನಿಮ್ಮ ವ್ಯಾನ್ ಬರುವುದೂ ಆಗಲೇ ಅಂತೆ. ಆದೇಶ ಹಿಂತೆಗೆದುಕೊಳ್ಳಿ, ಯಂತ್ರ ಇಲ್ಲೇ ಕಾಯಂ ಇರಲಿ. ಅದಾಗದಿದ್ದರೆ ಡ್ರೈವರಿಗೆ ಬುತ್ತಿ ಕಟ್ಟಿ ಕಳಿಸಿ, ಏಕೆಂದರೆ ನನ್ನ ಮಗಳ ಉತ್ತರ ಬರುವತನಕ ನಾನು ವ್ಯಾನಿನ ಮುಂದಿನಿಂದ ಏಳುವುದಿಲ್ಲ.

ಇಂತಿ,
ನಿಮಗೆ ಋಣಿಯೂ ನಿಮ್ಮ ಮೇಲೆ ಕೆಂಡವೂ ಆಗಿರುವ
ಆ ಹುಡುಗಿಯ ತಾಯಿ