ಮೂರನೆಯ ಕಾಫಿಯನ್ನು ಹೊಗಳಿದ ಕಮಾಂಡರ್ ಸಾಹೇಬರಿಗೆ

ಮಾನ್ಯ ಕಮಾಂಡರ್ ಸಾಹೇಬರೇ,

ನೀವೂ ನಿಮ್ಮ ಶಾಂತಿಪಾಲನಾ ಪಡೆಯೂ ಹೊರಡುವ ಸುದ್ದಿ ತಿಳಿಯಿತು. ಹೊರಡಿ. ಆದರೆ ಹೋಗುವಾಗ ನಮ್ಮ ನದಿಯ ಮೇಲಿನ ಕಬ್ಬಿಣದ ಸೇತುವೆಯನ್ನೂ ಬಿಚ್ಚಿಕೊಂಡು ಹೋಗುತ್ತೀರಂತೆ. ಸೇತುವೆಯ ಬಳಿ ನಿಮ್ಮವರು ಅಂಟಿಸಿರುವ ಪ್ರಕಟಣೆಯಲ್ಲಿ 'ಪಡೆಯ ಸ್ವತ್ತನ್ನು ಹಿಂತೆಗೆದುಕೊಳ್ಳಲಾಗುವುದು' ಎಂದಿದೆ. ಅದನ್ನು ಎರಡು ಲಿಪಿಗಳಲ್ಲಿ ಬರೆಸಿದ್ದೀರಿ. ಎರಡೂ ದಡದವರ ಹೊಟ್ಟೆ ಸಮಾನವಾಗಿ ಉರಿಯಲಿ ಎಂಬ ನಿಮ್ಮ ನಿಷ್ಪಕ್ಷಪಾತ ನಿಲುವಿಗೆ ನಮಸ್ಕಾರ. ಮನೆಗೆ ಬಂದ ಅತಿಥಿ ತಾನು ತಂದ ಕೊಡೆಯನ್ನು ವಾಪಸು ಒಯ್ಯುವುದು ಸರಿ. ಹೊಸ್ತಿಲನ್ನೂ ಕಿತ್ತು ಬಗಲಲ್ಲಿಟ್ಟುಕೊಂಡು ಹೋಗುವುದುಂಟೇ?

ನಾನು ಜುಮ್ರೆತಾ, ನಿವೃತ್ತ ಭೂಗೋಳ ಶಿಕ್ಷಕಿ. ಸೇತುವೆಯ ಈಚೆ ತುದಿಯಲ್ಲಿ, ಗುಂಡಿನ ತೂತುಗಳಿಗೆ ಹೊಸ ಸಿಮೆಂಟು ಮೆತ್ತಿರುವ ಮನೆ ನನ್ನದು. ನಿಮಗೂ ನಿಮಗಿಂತ ಮುಂಚಿನ ಕಮಾಂಡರುಗಳಿಗೂ ನನ್ನ ಪರಿಚಯ ಚೆನ್ನಾಗಿಯೇ ಇದೆ. ನಾನು ಕಾಫಿ ಬಗ್ಗಿಸುತ್ತಿರುವ ಚಿತ್ರವೊಂದು ನಿಮ್ಮ ಶಿಬಿರದ ಊಟದ ಮನೆಯಲ್ಲಿ ತೂಗಾಡುತ್ತಿದೆಯಂತೆ, ಅದರ ಕೆಳಗೆ 'ಸ್ಥಳೀಯರ ವಿಶ್ವಾಸ' ಎಂದು ಬರೆದಿದೆಯಂತೆ. ಆ ಕಾಫಿಯ ಬಗ್ಗೆ ನಿಮಗೆ ಈತನಕ ಯಾರೂ ಹೇಳದ ಸಂಗತಿಯೊಂದನ್ನು ಹೊರಡುವ ಮುನ್ನವಾದರೂ ಹೇಳಿಬಿಡುತ್ತೇನೆ.

ನಮ್ಮ ಬೋಸ್ನಿಯಾದಲ್ಲಿ ಮನೆಗೆ ಬಂದವರಿಗೆ ಮೊದಲು ಕೊಡುವುದು ಸ್ವಾಗತದ ಕಾಫಿ. ಆಮೇಲೆ ಮಾತಿನ ಕಾಫಿ. ಸಕ್ಕರೆ ಅಚ್ಚನ್ನು ಅದರಲ್ಲಿ ಅದ್ದಿ ಕಚ್ಚುತ್ತ ಊರವರ ಗುಟ್ಟುಗಳನ್ನೆಲ್ಲ ಬಿಚ್ಚುವುದು ಆ ಹೊತ್ತಿನಲ್ಲಿ. ಅತಿಥಿ ಅಷ್ಟಕ್ಕೂ ಏಳದಿದ್ದರೆ ಮನೆಯವಳು ಮರುಮಾತಾಡದೆ ಒಳಗೆ ಹೋಗಿ ಮೂರನೆಯದನ್ನು ಮಾಡಿ ತರುತ್ತಾಳೆ. ಅದಕ್ಕೆ ಸಿಕ್ತೆರುಶಾ ಎನ್ನುತ್ತೇವೆ. 'ಸಾಕು, ಇನ್ನು ಜಾಗ ಖಾಲಿ ಮಾಡಿ' ಎನ್ನುವುದನ್ನು ಬಾಯಿಬಿಟ್ಟು ಹೇಳದೆ ಹೇಳುವ ಕಾಫಿ ಅದು. ಅದನ್ನು ಕಂಡ ಕೂಡಲೇ ಇಲ್ಲಿನ ಎಂಥ ದಪ್ಪ ಚರ್ಮದವನೂ ಎರಡು ಗುಟುಕು ಕುಡಿದು, ಏನೋ ನೆನಪಾದವನಂತೆ ಬಾಗಿಲ ಬಳಿ ಬೂಟು ಹುಡುಕತೊಡಗುತ್ತಾನೆ.

ಇಲ್ಲಿಗೆ ಬಂದ ಮೊದಲ ಕಮಾಂಡರರು ನಮ್ಮ ಮನೆಗೆ ಬಂದಾಗ ನಾನು ಮೊದಲೆರಡು ಕಾಫಿಯನ್ನು ಮನಸಾರೆ ಕೊಟ್ಟೆ. ಅವರು ಪ್ರಜಾಪ್ರಭುತ್ವದ ಬಗ್ಗೆ ಮಾತಾಡಿದರು. ನನ್ನ ದೇಶ ಎಲ್ಲಿದೆಯೆಂದು ನಕ್ಷೆ ಬಿಡಿಸಿ ನನಗೇ ತೋರಿಸಿದರು. ನಕ್ಷೆಯಲ್ಲಿ ನಮ್ಮ ನದಿಯ ನಡುವೆ ಉದ್ದಕ್ಕೂ ಒಂದು ಗೆರೆ ಎಳೆದಿತ್ತು, ಇನ್ನು ಮೇಲೆ ಆಚೆಯದು ಒಂದು ಆಡಳಿತ, ಈಚೆಯದು ಇನ್ನೊಂದು ಎಂದರು. ಹಾಗಾದರೆ ಮೀನುಗಳು ಯಾರಿಗೆ ಮತ ಹಾಕಬೇಕೆಂದು ಕೇಳಿದೆ. ಅವರು ಅದನ್ನು ಮೇಲಿನವರ ಗಮನಕ್ಕೆ ತರುವುದಾಗಿ ಭರವಸೆ ಕೊಟ್ಟರು. ನಾನು ಎದ್ದು ಮೂರನೆಯ ಕಾಫಿ ತಂದಿಟ್ಟೆ.

ಅವರ ದುಭಾಷಿ ನುಸ್ರೆತ್, ನನ್ನ ಹಳೆಯ ವಿದ್ಯಾರ್ಥಿ. ಕಾಫಿ ನೋಡಿದವನೇ ಬಿಳಿಚಿಕೊಂಡ.

"ಟೀಚರ್, ಏನಿದು? ನಿಮಗೆ ಕೈ ಮುಗೀತೀನಿ, ಇದೊಂದು ಬೇಡ!"

"ಯಾಕೋ? ಏನು ಕಾಫಿ ಅಂತ ಹೇಳೋ ಅವರಿಗೆ. ಅದಕ್ಕೆ ತಾನೇ ನಿಂಗೆ ಸಂಬಳ ಕೊಡೋದು?"

"ಹೇಳಿದ್ರೆ ಆ ಸಂಬಳಾನೇ ಇರಲ್ಲ ಟೀಚರ್!"

ಅವನು ಕಮಾಂಡರರ ಕಡೆ ತಿರುಗಿ ಅದೇನು ಹೇಳಿದನೋ, ಅವರು ಎದೆಯ ಮೇಲೆ ಕೈಯಿಟ್ಟುಕೊಂಡು ತಲೆಬಾಗಿದರು. ನಮ್ಮ ಜನ ಅತಿ ದೊಡ್ಡ ಗೆಳೆಯರಿಗೆ ಮಾತ್ರ ಕೊಡುವ ಗೌರವದ ಕಾಫಿ ಎಂದು ಅವನು ಹೇಳಿದ್ದನ್ನು ನಾನು ಆಮೇಲೆ ಕೇಳಿ ತಿಳಿದುಕೊಂಡೆ. ಅವರು ತಳದ ಗಸಿಯನ್ನೂ ಬಿಡದೆ ಕುಡಿದು ಇನ್ನೊಂದು ಕೇಳಿದರು! ಅಲ್ಲಿಂದಾಚೆಗೆ ಹೊಸದಾಗಿ ಬಂದ ಪ್ರತಿಯೊಬ್ಬ ಕಮಾಂಡರರೂ ಮೊದಲ ವಾರದಲ್ಲೇ ನಮ್ಮ ಮನೆಗೆ ಬಂದು, ಮೂರನೆಯ ಕಾಫಿಯನ್ನು ಕೇಳಿ ಮಾಡಿಸಿಕೊಂಡು ಕುಡಿದು ಹೊಗಳಿದರು. ಎಷ್ಟು ಜನರನ್ನು 'ಹೋಗಿ' ಎಂದೆನೋ, ಅಷ್ಟೂ ಜನ ನನಗೆ ಚಾಕೊಲೇಟ್ ಡಬ್ಬಿ ಕೊಟ್ಟು ಹೋಗಿದ್ದಾರೆ. ತಾವೂ ಕೊಟ್ಟಿದ್ದೀರಿ. ಒಳಗೆ ಹೇಸಲ್ ಬೀಜ ಹಾಕಿದ್ದು ಚೆನ್ನಾಗಿತ್ತು.

ನನ್ನನ್ನು ಕೃತಘ್ನಳೆಂದು ತಿಳಿಯಬೇಡಿ. ನೀವು ಬಂದ ಮೇಲೆ ಗುಂಡಿನ ಸದ್ದು ನಿಂತಿತು, ಅದು ನಿಜ. ಆದರೆ ನಾವು ನೆಲಮಾಳಿಗೆಯಲ್ಲಿ ಕೂತು ನಿಮ್ಮನ್ನು ಕೂಗಿ ಕರೆಯುತ್ತಿದ್ದ ವರ್ಷಗಳಲ್ಲಿ ನೀವು ತೀವ್ರ ಕಳವಳ ವ್ಯಕ್ತಪಡಿಸುತ್ತಿದ್ದಿರಿ. ನಮ್ಮ ಮೇಲೆ ಬಿದ್ದ ಶೆಲ್ಲುಗಳನ್ನು ನಿಮ್ಮ ವೀಕ್ಷಕರು ಗುಡ್ಡದ ಮೇಲಿನಿಂದ ವೀಕ್ಷಿಸುತ್ತಿದ್ದರು. ಕರೆದಾಗ ಬರಲಿಲ್ಲ, ಬಂದ ಮೇಲೆ ಏಳಲಿಲ್ಲ, ಈಗ ನಾವು ಏಳಿ ಎನ್ನುವುದನ್ನು ನಿಲ್ಲಿಸಿರುವಾಗ ದಿಢೀರನೆ ಎದ್ದು ನಿಂತಿದ್ದೀರಿ. ನಮ್ಮ ದೇಶವೀಗ 'ಸ್ವಂತ ಕಾಲ ಮೇಲೆ ನಿಂತಿದೆ' ಎಂದು ಪತ್ರಿಕೆಗಳಿಗೆ ಹೇಳಿದ್ದೀರಿ. ಆ ಕಾಲು ಒಂದೊಂದು ದಡದಲ್ಲಿ ಒಂದೊಂದಿದೆ, ಸ್ವಾಮಿ. ನಡುವಿನ ಸೇತುವೆ ಕಿತ್ತರೆ ನಿಂತದ್ದು ಏನಾಗುತ್ತದೆ?

ಸೇತುವೆಯ ಮೇಲೆ ನನಗೇಕೆ ಇಷ್ಟು ಮಮಕಾರ ಎಂದು ಕೇಳುತ್ತೀರೇನೋ. ಡ್ರಾಗಿನ್ಯಾಳ ಕಥೆ ಹೇಳುತ್ತೇನೆ. ಅವಳದು ಆಚೆ ದಡ. ಅವಳು ಸರ್ಬ್ ಕ್ರೈಸ್ತಳು, ನಾನು ಮುಸ್ಲಿಂ. ಯುದ್ಧಕ್ಕೆ ಮುಂಚೆ ಅವಳು ಗಣಿತದ ಟೀಚರ್, ನಾನು ಭೂಗೋಳದವಳು, ಇಬ್ಬರೂ ಒಂದೇ ಶಾಲೆಯಲ್ಲಿ ಮಕ್ಕಳನ್ನು ಗೋಳುಹೊಯ್ದುಕೊಂಡವರು. ಒಂದು ಸಂಜೆ ಅವಳು ನನ್ನ ಹಿತ್ತಾಳೆಯ ಕಾಫಿ ಬೀಸುವ ಕೈಗಿರಣಿಯನ್ನು ಕೇಳಿಕೊಂಡು ಹೋದಳು. ಅದೇ ವಾರ ಯುದ್ಧ ಶುರುವಾಗಿ ಹಳೆಯ ಕಲ್ಲಿನ ಸೇತುವೆ ನೀರಿಗೆ ಬಿತ್ತು. ಯುದ್ಧ ಮುಗಿಯುವ ತನಕ ಅವಳ ಮುಖ ಕಾಣಲಿಲ್ಲ. ಅವಳ ಕಡೆಯವರು ನಮ್ಮ ಮೇಲೆ ಗುಂಡು ಹಾರಿಸಿದರು, ನಮ್ಮ ಕಡೆಯವರು ಅವಳ ಮೇಲೆ ಹಾರಿಸಿದರು.

ನಿಮ್ಮವರು ಕಬ್ಬಿಣದ ಸೇತುವೆ ಹಾಕಿದ ಮರುದಿನವೇ ಆಚೆ ದಡದಿಂದ ಒಂಟಿ ಹೆಂಗಸೊಬ್ಬಳು ನಡೆದು ಬಂದಳು, ಕೈಯಲ್ಲಿ ಉದ್ದನೆಯ ಹಿತ್ತಾಳೆಯ ಕೊಳವೆ. ನಿಮ್ಮ ಸೈನಿಕರು ಅದನ್ನು ಶೆಲ್ಲೆಂದು ತಿಳಿದು ಬಂದೂಕು ಎತ್ತಿದರು. ಸೇತುವೆಯ ನಟ್ಟನಡುವೆ ಡ್ರಾಗಿನ್ಯಾ ಎರಡೂ ಕೈ ಮೇಲೆತ್ತಿ ನಿಂತಳು. ಗಿರಣಿಯೂ ಮೇಲೆಯೇ ಇತ್ತು. ಬಾಯಿ ಮಾತ್ರ ನಿಂತಿರಲಿಲ್ಲ.

"ಥೂ ನಿಮ್ಮ! ಕಾಫಿ ಬೀಸೋದು ಕಣ್ರೋ ಇದು! ನಿಮ್ಮೂರಲ್ಲಿ ಹೆಂಗಸರು ಬಾಂಬಿಗೆ ಹಿಡಿ ಹಾಕ್ಕೊಂಡು ತಿರುಗಿಸ್ತಾರೇನ್ರೋ?" ಆಮೇಲೆ ಈಚೆ ತುದಿಯಲ್ಲಿ ನಿಂತಿದ್ದ ನನ್ನ ಕಡೆ ನೋಡಿ, "ಏನೇ ನೋಡ್ತಾ ನಿಂತಿದೀಯ? ತಗೊಳ್ಳೇ ನಿನ್ನ ಗಿರಣಿ. ಹಿಡಿ ಸಡಿಲ ಆಗಿದೆ, ನಾನಲ್ಲ ಮಾಡಿದ್ದು!" ಎಂದಳು.

ನಾನು ನಕ್ಕೆ. ನಗುತ್ತಲೇ ಅತ್ತೆ. ಅಂದಿನಿಂದ ಪ್ರತಿ ಶುಕ್ರವಾರ ಅವಳು ನಮ್ಮ ಮನೆಗೆ ಕಾಫಿಗೆ ಬರುತ್ತಾಳೆ. ನಿಮ್ಮ ಪಡೆ ಇಲ್ಲಿ ಸಾಧಿಸಿದ್ದು ಏನು ಎಂದು ನಿಮ್ಮ ಸಂಸತ್ತಿನವರು ಕೇಳಿದರೆ ಇದನ್ನು ಹೇಳಿ. ಉಳಿದದ್ದೆಲ್ಲ ನೀವು ಹೇಳಿಕೊಳ್ಳುವಷ್ಟು ದೊಡ್ಡದೇನಲ್ಲ.

ಪ್ರಕಟಣೆ ಅಂಟಿಸಿದ ಮೇಲೆ ಈ ಪೇಟೆಯ ಬಣ್ಣವೇ ಬದಲಾಗಿದೆ. ಅಂಗಡಿಯಲ್ಲಿ ಹಿಟ್ಟು, ಎಣ್ಣೆ, ಮೇಣದಬತ್ತಿ ಖಾಲಿ. ಆಚೆ ದಡದಲ್ಲಿ ಒಂದು ಬಾವುಟ ಎದ್ದರೆ ಈಚೆ ಅದಕ್ಕಿಂತ ಎತ್ತರದ್ದು ಏಳುತ್ತದೆ. ಹೊಸ ಕಲ್ಲಿನ ಸೇತುವೆಗೆ ಅಡಿಗಲ್ಲನ್ನೇನೋ ಎರಡೂ ಕಡೆಯವರು ಬೇರೆಬೇರೆಯಾಗಿ ಇಟ್ಟಿದ್ದಾರೆ, ಯಾರ ಹೆಸರಿಡಬೇಕೆಂಬ ಜಗಳ ಮುಗಿಯುವವರೆಗೆ ಅದರ ಮೇಲೆ ಇನ್ನೊಂದು ಕಲ್ಲು ಬೀಳುವುದಿಲ್ಲ. ಕಳೆದ ಶುಕ್ರವಾರ ನಾನು ಕಾಫಿ ಬೀಸಿಟ್ಟು ಕಾದೆ. ಡ್ರಾಗಿನ್ಯಾ ಬರಲಿಲ್ಲ. ಫೋನ್ ಮಾಡಿದೆ.

"ಮಂಡಿ ನೋವು ಕಣೇ," ಎಂದಳು.

"ಸುಳ್ಳು ಹೇಳ್ಬೇಡ. ನಿನ್ನ ಮಂಡಿ ಗುಂಡಿಗೇ ಹೆದರಿಲ್ಲ."

"ನನ್ನ ಮಗ ಬೇಡ ಅಂತಾನೆ. ನೀನು ಆ ಕಡೆ ಇರುವಾಗ ಸೇತುವೆ ತೆಗೆದ್ರೆ ಅಲ್ಲೇ ಉಳಿದುಬಿಡ್ತೀಯ ಅಂತಾನೆ. ನಿನ್ನ ದರಿದ್ರ ಕಾಫಿ ಕೊನೆಗೂ ಕೆಲಸ ಮಾಡ್ತಲ್ಲೇ ಜುಮ್ರೆತಾ. ಹೋಗ್ರಿ ಹೋಗ್ರಿ ಅಂದೆ, ಹೊರಟ್ರು ನೋಡು," ಎಂದಳು.

ತಮಾಷೆಗೆ ಹೇಳಿದಳು. ನನಗೆ ನಗು ಬರಲಿಲ್ಲ. ಸಾಹೇಬರೇ, ನನಗೆ ಭಯವಾಗುತ್ತಿದೆ. ಮತ್ತೆ ಯುದ್ಧ ಬಂದೀತೋ ಇಲ್ಲವೋ ಎನ್ನುವುದು ನನ್ನಂಥವಳಿಗೆ ತಿಳಿಯದು, ನಿಮಗೂ ತಿಳಿಯದೆಂಬುದು ಮಾತ್ರ ಖಂಡಿತ ತಿಳಿದಿದೆ. ಆದರೆ ಡ್ರಾಗಿನ್ಯಾ ಬರಲಾಗದ ಊರು ನನ್ನ ಪಾಲಿಗೆ ಯುದ್ಧದ ಊರೇ, ಅದಕ್ಕೆ ಗುಂಡು ಹಾರಲೇಬೇಕೆಂದೇನಿಲ್ಲ. ಅವಳಿಗೂ ವಯಸ್ಸಾಗಿದೆ, ನನಗೂ ಆಗಿದೆ. ಇನ್ನೊಂದು ಸೇತುವೆಗೆ ಕಾಯುವಷ್ಟು ಆಯುಸ್ಸು ನಮ್ಮಿಬ್ಬರಲ್ಲಿ ಯಾರಿಗೂ ಇಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ನಿಮ್ಮ ಟ್ಯಾಂಕುಗಳನ್ನು ಒಯ್ಯಿರಿ, ಮುಳ್ಳುತಂತಿಯನ್ನು ಒಯ್ಯಿರಿ, ನನ್ನ ಚಿತ್ರವನ್ನೂ ಬೇಕಾದರೆ ಒಯ್ಯಿರಿ, ಕೆಳಗಿನ ಬರಹವನ್ನು ಮಾತ್ರ ತಿದ್ದಿಸಿ. ಸೇತುವೆಯನ್ನು ಬಿಟ್ಟುಹೋಗಿ. ಅದಕ್ಕೆ ಮೇಲಿನವರ ಅನುಮತಿ ಬೇಕೆಂದರೆ ಮೀನುಗಳ ವಿಚಾರ ಬದಿಗಿಟ್ಟು ಮೊದಲು ಇದನ್ನು ಅವರ ಗಮನಕ್ಕೆ ತನ್ನಿ.

ನಿಮ್ಮವರು ಬಿಚ್ಚಲು ಬರುವುದು ಈ ಶುಕ್ರವಾರವಂತೆ. ಒಳ್ಳೆಯದೇ ಆಯಿತು. ಸೇತುವೆಯ ನಟ್ಟನಡುವೆ, ಅವಳು ಅಂದು ಕೈ ಮೇಲೆತ್ತಿ ನಿಂತಿದ್ದ ಜಾಗದಲ್ಲಿ, ಎರಡು ಕುರ್ಚಿ ಹಾಕುತ್ತೇನೆ. ಅರ್ಧ ದಾರಿಯಾದರೆ ಮಗ ಬಿಡುತ್ತಾನೆ, ಬರುತ್ತೇನೆ ಎಂದಿದ್ದಾಳೆ ಡ್ರಾಗಿನ್ಯಾ. ಗಿರಣಿ, ಒಲೆ, ಕಾಫಿ ಎಲ್ಲ ಅಲ್ಲಿಗೇ ತರುತ್ತೇನೆ. ಇಬ್ಬರು ಮುದುಕಿಯರು ಕಾಫಿ ಮುಗಿಸುವ ತನಕ ನಿಮ್ಮ ಎಂಜಿನಿಯರುಗಳು ಸೌಜನ್ಯಕ್ಕಾದರೂ ಕಾಯುತ್ತಾರೆಂದು ನಂಬಿದ್ದೇನೆ. ನಾನು ಅವಳಿಗೆ ಸ್ವಾಗತದ ಕಾಫಿ ಕೊಡುತ್ತೇನೆ. ಅದು ಮುಗಿದರೆ ಮತ್ತೆ ಸ್ವಾಗತದ್ದೇ ಕೊಡುತ್ತೇನೆ. ಅವಳಿಗೆ ಮೂರನೆಯ ಕಾಫಿಯನ್ನು ನಾನು ಈ ಜನ್ಮದಲ್ಲಿ ಮಾಡುವುದಿಲ್ಲ.

ಇಂತಿ,
ನಿಮ್ಮನ್ನು ಹೋಗಿ ಎಂದು ಹೇಳಿ ಹೇಳಿ ಸೋತು, ಹೊರಟಾಗ ಬೆಚ್ಚಿಬಿದ್ದ,
ಜುಮ್ರೆತಾ
(ಚಾಕೊಲೇಟ್ ಡಬ್ಬಿಗಳು ಖಾಲಿ ಇವೆ, ಬೇಕಿದ್ದರೆ ಪಡೆಯ ಸ್ವತ್ತೆಂದು ಹಿಂತೆಗೆದುಕೊಳ್ಳಬಹುದು.)