ಏಳು ಗಂಟೆಯ ಬಸ್ಸು ಬಂತು, ಅದ್ದುಚ್ಚ

ಪ್ರೀತಿಯ ಅದ್ದುಚ್ಚನಿಗೆ,

ನಿಮ್ಮ ಪಾತ್ರೆ ಅಂಗಡಿಯ ಪಕ್ಕದಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿರುವ ತಂಗಿ ಸುಮತಿ ಬರೆಯುತ್ತಿದ್ದೇನೆ. ತಂಗಿಯಲ್ಲದೆ ಮತ್ತೇನು? ಒಂದೇ ಗೋಡೆಯ ಆಚೀಚೆ ಕೂತು ಇಷ್ಟು ವರ್ಷ ಮಾತಾಡಿದವರು ನಾವು. ನಿಮಗೆ ಹೇಳಲೇಬೇಕಾದ ಒಂದು ಸುದ್ದಿಯಿದೆ.

ಆದಾಯ ತೆರಿಗೆಗೆ ರಿಯಾಯಿತಿ ಘೋಷಣೆಯಾದ ದಿನ ನೆನಪಿದೆಯಾ? ಜನರ ಕೈಯಲ್ಲಿ ಹಣ ಉಳಿಯುತ್ತದೆ, ಇನ್ನು ವ್ಯಾಪಾರ ಚಿಗುರುತ್ತದೆ ಎಂದು ವರ್ತಕರ ಸಂಘದ ವಾಸಣ್ಣ ಅಂಗಡಿ ಅಂಗಡಿಗೆ ಜಿಲೇಬಿ ಹಂಚಿದರು. ನನಗೂ ಖುಷಿ. ನನ್ನ ಗಂಡನದು ಸಂಬಳದ ಕೆಲಸ ತಾನೆ? ನೀವು ಮಾತ್ರ ಗೋಡೆಯಾಚೆಯಿಂದ ಕೇಳಿದಿರಿ, “ಉಳಿದ ಹಣದಲ್ಲಿ ನೀನು ಎಂತ ತಕೊಳ್ತಿ?”

“ಮನೆ ಸಾಲಕ್ಕೆ ಕಟ್ಟುದು.”

“ಹಾಗಾದ್ರೆ ಅದು ಬ್ಯಾಂಕಿನ ವ್ಯಾಪಾರ, ನಮ್ಮದಲ್ಲ. ನಮ್ಮ ಗಿರಾಕಿ ಯಾರು ಮಾರಾಯ್ತಿ? ಬೀಡಿ ಕಟ್ಟುವವರು, ಕೂಲಿ ಕೆಲಸದವರು. ಅವರು ಆ ತೆರಿಗೆ ಕಟ್ಟುದೇ ಇಲ್ಲ. ಕಟ್ಟದ್ದನ್ನು ಬಿಟ್ಟುಕೊಡುದು ಹೇಗೆ?”

ನಾನು ಕೈಯಲ್ಲಿದ್ದ ಜಿಲೇಬಿ ಮುಗಿಸಿದೆ.

ಸಂಘದ ಸಭೆಯಲ್ಲಿ ನೀವು ಎದ್ದು ನಿಂತದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸಾಲ ಮಾಡಿಯಾದರೂ ಮಾಲು ತುಂಬಿಸಿ ಎಂದು ವಾಸಣ್ಣ ಹುರಿದುಂಬಿಸುತ್ತಿದ್ದರು. ನೀವು ಕೇಳಿದ್ದು ಬಸ್ಸು! “ಕೆಲಸದವರು ಐದು ಗಂಟೆಗೆ ಕೂಲಿ ತಕೊಂಡು ಓಡುದು ಒಳಗಿನ ಊರುಗಳ ಕೊನೆಯ ಬಸ್ಸಿಗೆ. ಕೈಯಲ್ಲಿ ಹಣ ಉಂಟು, ಅಂಗಡಿಗೆ ಹತ್ತಲಿಕ್ಕೆ ಪುರುಸೊತ್ತಿಲ್ಲ. ಏಳು ಗಂಟೆಗೆ ಇನ್ನೊಂದು ಬಸ್ಸು ಕೇಳುವ.”

“ತೆರಿಗೆಗೂ ಬಸ್ಸಿಗೂ ಎಂತ ಸಂಬಂಧ ಅದ್ದುಚ್ಚ?” ವಾಸಣ್ಣ ಕೇಳಿದಾಗ ಎಲ್ಲರೂ ನಕ್ಕರು. ನೀವು ಮಾರನೆಯ ದಿನವೇ ಡಿಪೋಗೆ ಹೋದಿರಿ. ಮತ್ತೆ ಮತ್ತೆ ಹೋದಿರಿ. ಆಮೇಲೆ ಆ ಎದೆನೋವು, ಪುತ್ತೂರಿನ ಆಸ್ಪತ್ರೆ... ಅಲ್ಲಿಂದ ನೀವು ಮರಳಿ ಬರಲೇ ಇಲ್ಲ.

ನೀವಿಲ್ಲದ ಮೊದಲ ಹಬ್ಬದ ದಿನಗಳು ಹೇಗಿದ್ದವು ಗೊತ್ತಾ? ತುಂಬಿಸಿದ ಮಾಲು ತುಂಬಿದಂತೆಯೇ ಇತ್ತು. ನಮ್ಮ ಮನೆಯಲ್ಲಿ ಉಳಿದ ತೆರಿಗೆ ಸೀದಾ ಬ್ಯಾಂಕಿಗೆ ಹೋಯಿತು. ಒಂದು ಮಧ್ಯಾಹ್ನ ವಾಸಣ್ಣನೇ ನನ್ನ ಅಂಗಡಿಗೆ ಬಂದು, ನೆಲ ನೋಡುತ್ತಾ ಕೇಳಿದರು, “ಸುಮತಿಯಕ್ಕ, ಆ ಬಸ್ಸಿನ ವಿಷಯ ಎಂತಾಯ್ತು?”

ಸುಳ್ಯದಲ್ಲಿ ಸಾರಿಗೆ ನಿಗಮ ಕರೆದ ಅಹವಾಲು ಸಭೆಗೆ ನಾವು ಒಂದು ವ್ಯಾನ್ ತುಂಬ ಹೋದೆವು. ಅಧಿಕಾರಿ ಒಳ್ಳೆಯವರೇ, ಆದರೆ ಡಿಪೋದವರು ನಿಮಗೆ ಹೇಳುತ್ತಿದ್ದ ಅದೇ ಮಾತು: “ಖಾಲಿ ಬಸ್ಸು ಓಡಿಸುದು ಹೇಗಮ್ಮ?” ಆಗ ಹಿಂದಿನಿಂದ ಎದ್ದದ್ದು ಯಾರು ಹೇಳಿ? ನಿಮ್ಮ ಜೊಹರಕ್ಕ! ಗಿರಾಕಿಗಳ ಎದುರೂ ದನಿಯೆತ್ತದ ನಿಮ್ಮ ಹೆಂಡತಿ.

“ಹೆಂಗಸರಿಗೆ ಟಿಕೆಟ್ ಉಚಿತ ಅಂತೀರಿ ಸಾರ್. ಬಸ್ಸೇ ಇಲ್ಲದಿದ್ರೆ ಉಚಿತ ಎಂತದ್ದು? ಒಂದು ತಿಂಗಳು ಓಡಿಸಿ ನೋಡಿ. ಖಾಲಿ ಹೋದ್ರೆ ನಾನೇ ಬಂದು ನಿಲ್ಲಿಸಿ ಅಂತೇನೆ.”

ಸಭೆ ಚಪ್ಪಾಳೆ ತಟ್ಟಿತು. ಅಧಿಕಾರಿ ನಗುತ್ತಾ ಒಪ್ಪಿದರು.

ಮೊದಲ ಸಂಜೆ ನೀವು ನೋಡಬೇಕಿತ್ತು, ಅದ್ದುಚ್ಚ. ಐದು ಗಂಟೆಗೆ ಯಾರೂ ಓಡಲಿಲ್ಲ. ಕೂಲಿ ಮುಗಿಸಿದ ಹೆಂಗಸರು ಪೇಟೆಯಲ್ಲಿ ನಿಧಾನವಾಗಿ ನಡೆದರು. ಬಟ್ಟೆ ಮುಟ್ಟಿ ನೋಡಿದರು, ಚೌಕಾಸಿ ಮಾಡಿದರು, ಚಾ ಕುಡಿದರು. ನಿಮ್ಮ ಮಗ ರಿಯಾಜ್ ಕುಕ್ಕರ್ ತೋರಿಸಿ ತೋರಿಸಿ ಬೆವೆತುಹೋದ. ಏಳಕ್ಕೆ ಬಸ್ಸು ಬಂದಾಗ ಕಂಡಕ್ಟರ್ “ಒಳಗೆ ಹೋಗಿ, ಒಳಗೆ ಹೋಗಿ” ಎಂದು ಕೂಗಿ ಸುಸ್ತಾದ. ಬಾಗಿಲಲ್ಲೂ ಜನ, ಜನರ ಕೈಯಲ್ಲೆಲ್ಲ ಚೀಲ. ವಾಸಣ್ಣ ರಸ್ತೆಯಲ್ಲೇ ನಿಂತು, “ಅದ್ದುಚ್ಚ ಗೆದ್ದರು ಮಾರಾಯ್ರೆ!” ಎಂದು ಕೂಗಿದರು. ಜೊಹರಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು. ನಾನಂತೂ...

ಒಂದು ತಿಂಗಳ ಪ್ರಯೋಗ ಮುಗಿಯಿತು. ಬಸ್ಸನ್ನು ಖಾಯಂ ಮಾಡಿದ್ದೇವೆ ಎಂದು ನಿನ್ನೆ ಡಿಪೋದಿಂದ ಫೋನ್ ಬಂತು. ಭಾನುವಾರ ಮಾತ್ರ ಓಡಿಸುವುದಿಲ್ಲವಂತೆ. ಮುಂದಿನ ಅಹವಾಲು ಸಭೆಗೆ ಜೊಹರಕ್ಕನೂ ನಾನೂ ಈಗಲೇ ಹೆಸರು ಕೊಟ್ಟಿದ್ದೇವೆ. ಭಾನುವಾರವನ್ನೂ ಬಿಡುವುದಿಲ್ಲ.

ನಿಮ್ಮ ತಂಗಿ,
ಸುಮತಿ