ಸೋಡಾ ಫ್ರಿಜ್ಜಿನ ನಾಲ್ಕು ಡಿಗ್ರಿ

ಜೂನ್ ೩, ಸೋಮವಾರ

ಬನ್ನಿ, ಮಹಾಜನಗಳೇ, ಬನ್ನಿ! ಮುಂದೆ ಕೂತವರು ತಲೆ ತಗ್ಗಿಸಿ, ಹಿಂದೆ ನಿಂತವರು ಪಿಸುಮಾತು ಬಿಡಿ, ಅಳುವ ಮಕ್ಕಳನ್ನು ಹೊರಗೆ ಎತ್ತಿಕೊಂಡು ಹೋಗಿ! — ಯಾರೂ ಇಲ್ಲ, ಗೊತ್ತು. ಈ ಡೈರಿಯನ್ನು ಹೆಂಡತಿಯೂ ಮುಟ್ಟುವುದಿಲ್ಲ. ನಿಮ್ಮ ಅಕ್ಷರ ನೋಡಿದರೇ ತಲೆನೋವು ಅನ್ನುತ್ತಾಳೆ. ಆದರೂ ಹೀಗೆ ಒಮ್ಮೆ ಕಂಠ ಬಿಚ್ಚದೆ ನನ್ನ ಪೆನ್ನು ಓಡುವುದಿಲ್ಲ. ಅಪ್ಪನ ನಾಟಕ ಕಂಪನಿಯಲ್ಲಿ ಪರದೆಯ ಹಗ್ಗ ಹಿಡಿದೇ ಬೆಳೆದ ಜೀವ. ಕಂಪನಿ ಮುಳುಗಿತು, ಗಂಟಲು ಉಳಿಯಿತು.

ಬೆಳಗಿನ ರೌಂಡ್ಸ್. ಒಲೆ ಸರಿ. ಪಾತ್ರೆ ಸರಿ. ಏಪ್ರನ್ನು, ತಲೆ ಟೋಪಿ ಸರಿ. ನಮ್ಮದು ಆಸ್ಪತ್ರೆಯ ವಾರ್ಡುಗಳಿಗೆ ಊಟ ಕಳಿಸುವ ಕಾಂಟ್ರಾಕ್ಟ್ ಅಡುಗೆಮನೆ, ನಾನು ಅದರ ಸೂಪರ್‌ವೈಸರ್. ಕೊನೆಗೆ ಮಾಂಸ, ಹಾಲು ತಣ್ಣಗಿಡುವ ಕೋಲ್ಡ್ ರೂಮ್.

ಥೂ.

ಬಾಗಿಲಿನ ಹಿಡಿಯೇ ಅಂಟು ಅಂಟು. ರಬ್ಬರ್ ಪಟ್ಟಿಯ ಮಡಿಕೆಯಲ್ಲಿ ಕಪ್ಪು ಬೂಷ್ಟು. ಒಳಗೆ ಕಾಲಿಟ್ಟರೆ ಚಳಿಯಾಗಬೇಕು, ಬೆವರಿದವನ ಪಕ್ಕದಲ್ಲಿ ಕೂತಂತಾಯಿತು. ಕೋಳಿಯ ಟ್ರೇ ಎಳೆದೆ. ಕೆಳಗೆ ತೆಳು ಕೆಂಪು ನೀರು. ತುಂಡು ಮುಟ್ಟಿದರೆ ಸೋಪಿನ ಹಾಗೆ ಜಾರಿತು. ಒದ್ದೆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿಟ್ಟು ಮರೆತರೆ ಬರುತ್ತದಲ್ಲ, ಆ ವಾಸನೆ. ಎಷ್ಟು ಸಲ ಕೈ ತೊಳೆದರೂ ಉಗುರಿನ ಸಂದಿಯಲ್ಲಿ ಅದೇ.

ಯಜಮಾನರ ಹತ್ತಿರ ಹೋದೆ.

"ಕಂಪ್ರೆಸರ್ ಕೈ ಕೊಟ್ಟಿದೆ. ಕೋಳಿ ಎಸೀಬೇಕು."

"ಎಸೆದ್ರೆ ವಾರ್ಡಿಗೆ ಏನು ನಿಮ್ಮ ಡೈಲಾಗ್ ಬಡಿಸೋಣ್ವಾ?" ಅಂದರು. "ಚೆನ್ನಾಗಿ ತೊಳೆದು, ಚೆನ್ನಾಗಿ ಬೇಯಿಸಿ. ಶುಕ್ರವಾರ ಹೆಲ್ತ್ ಇನ್‌ಸ್ಪೆಕ್ಷನ್ ಮುಗೀಲಿ, ಆಮೇಲೆ ಕಂಪ್ರೆಸರ್ ಬಗ್ಗೆ ನೋಡೋಣ."

ಅಕ್ಕ ಕಾಲು ಮುರಿದುಕೊಂಡು ಅದೇ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಮಲಗಿದ್ದಾಳೆ. ಅವಳ ತಟ್ಟೆಯೂ ಈ ಬಾಗಿಲಿನಿಂದಲೇ ಹೋಗುವುದು. ಯಜಮಾನರಿಗೆ ಗೊತ್ತು. ಗೊತ್ತಿದ್ದೂ ಹಾಗೆ ಅಂದರು.

ಜೂನ್ ೪, ಮಂಗಳವಾರ

ರಂಗಕ್ಕೆ ಯಜಮಾನರ ಅಳಿಯನ ಪ್ರವೇಶ. ಕಂಕುಳಲ್ಲಿ ಟ್ಯಾಬ್, ಕಿವಿಯಲ್ಲಿ ಬಿಳಿ ಬಿರಡೆ. ಈಗ ನಮ್ಮಲ್ಲಿ ಕಾಗದವೇ ಇಲ್ಲ, ಎಲ್ಲಾ ಡಿಜಿಟಲ್. ಕೋಲ್ಡ್ ರೂಮಿನೊಳಗೆ ಒಂದು ಸೆನ್ಸರ್ ಕಡ್ಡಿ. ಒಳಗಿನ ಉಷ್ಣತೆಯನ್ನು ಅದು ತಾನೇ ಅಳೆದು ತಾನೇ ಟ್ಯಾಬಿಗೆ ಕಳಿಸುತ್ತದೆ. ಯಾರೂ ಬರೆಯಬೇಕಾಗಿಲ್ಲ.

"ಸುಳ್ಳು ಬರೆಯೋಕೆ ಮನುಷ್ಯನ ಕೈಯೇ ಇಲ್ಲ ಇದರಲ್ಲಿ," ಅಂತ ಜಂಭ ಕೊಚ್ಚಿದ. ಬಟನ್ ಒತ್ತಿದ. ಹದಿಮೂರು ಡಿಗ್ರಿ, ಕೆಂಪಕ್ಷರ. ಐದರ ಒಳಗಿರಬೇಕು.

ಮುಖ ಸಣ್ಣದಾಯಿತು. ಒಂದು ಗಳಿಗೆ ತಲೆ ಕೆರೆದುಕೊಂಡ. ಆಮೇಲೆ ಮಾಡಿದ್ದನ್ನು ಕಣ್ಣಾರೆ ಕಂಡೆ, ಮಹಾಜನಗಳೇ! ಕೋಲ್ಡ್ ರೂಮಿನ ಗೋಡೆಯಿಂದ ಕಡ್ಡಿ ಕಿತ್ತ. ಆಫೀಸಿಗೆ ನಡೆದ. ಮೂಲೆಯಲ್ಲಿ ಯಜಮಾನರ ಪುಟ್ಟ ಫ್ರಿಜ್. ಬಾಗಿಲು ತೆರೆದು ಸೋಡಾ ಬಾಟಲಿಗಳ ಮಧ್ಯೆ ಕಡ್ಡಿ ಸಿಕ್ಕಿಸಿದ. ಸ್ವಲ್ಪ ಹೊತ್ತಿಗೆ ಟ್ಯಾಬಿನಲ್ಲಿ ನಾಲ್ಕು ಡಿಗ್ರಿ, ಪಚ್ಚೆ ಹಸಿರು. ಮೇಲೆ ಶೀರ್ಷಿಕೆ: ಕೋಲ್ಡ್ ರೂಮ್, ಮಾಂಸ ಮತ್ತು ಹಾಲು.

"ಡೇಟಾ ನಿಜಾನೇ ಅಲ್ವಾ ಅಂಕಲ್? ನಾನೇನೂ ತಿದ್ದಿಲ್ಲ."

ತಿದ್ದಿಲ್ಲ. ಸೋಡಾದ ಜಾತಕವನ್ನು ಕೋಳಿಯ ಹೆಸರಿಗೆ ಬರೆದ, ಅಷ್ಟೇ. ಅಕ್ಕಿಯ ಮೂಟೆಯಲ್ಲಿ ಹುಳು ಕಂಡಾಗಲೂ ನನಗೆ ಇಷ್ಟು ಹೇಸಿಗೆಯಾಗಿರಲಿಲ್ಲ. ಹುಳುವಿಗೆ ತಾನು ಹುಳು ಅನ್ನುವ ಮರ್ಯಾದೆಯಾದರೂ ಇರುತ್ತದೆ.

ಜೂನ್ ೬, ಗುರುವಾರ

ರಿಹರ್ಸಲ್. ಊಟದ ಹಾಲ್‌ನ ದೊಡ್ಡ ಟಿವಿಗೆ ಟ್ಯಾಬ್ ಜೋಡಿಸಿದ್ದಾರೆ. ಇನ್‌ಸ್ಪೆಕ್ಟರ್ ಮುಂದೆ ದಾಖಲೆ ತೋರಿಸಿ ವಿವರಿಸುವ ಪಾತ್ರ ನನ್ನದು. ಅಳಿಯ ಮಾತಾಡಿದರೆ ಇರುವೆ ಕೆಮ್ಮಿದಂತಿರುತ್ತದೆ.

"ನಿಮ್ಮ ಗಂಟಲೇ ನಮ್ಮ ಬಂಡವಾಳ, ಕಲಾವಿದರೇ," ಅಂದರು ಯಜಮಾನರು. ಬೆನ್ನು ತಟ್ಟಿದರು. ತಟ್ಟಿದ ಕೈಯಲ್ಲಿ ಸೆಂಟಿನ ವಾಸನೆ.

ಆಗಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಯಾಕೆ? ಈ ವಯಸ್ಸಿನಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆ ಅನ್ನುವ ಹೆದರಿಕೆ — ಅದೂ ಹೌದು. ಆದರೆ ಇನ್ನೊಂದು... ದೊಡ್ಡ ಹಾಲ್, ಎದುರಿಗೆ ಕುರ್ಚಿಗಳ ಸಾಲು, ಕೈಯಲ್ಲಿ ಉದ್ದನೆಯ ಕೋಲು. ಎಷ್ಟು ವರ್ಷವಾಗಿತ್ತು! ಎದೆ ಉಬ್ಬಿತು. ಇದನ್ನು ಬರೆಯಲು ಅಸಹ್ಯ. ಆದರೂ ಉಬ್ಬಿತು.

ಜೂನ್ ೭, ಶುಕ್ರವಾರ, ಸಂಜೆ

ಆಟ ಮುಗಿಯಿತು. ಹೌಸ್‌ಫುಲ್.

ಇನ್‌ಸ್ಪೆಕ್ಟರ್ ಮೇಡಂ ಬಂದಾಗಲೇ ದಣಿದಿದ್ದರು. ಹೆಗಲಿಗೆ ಚೀಲ, ಚೀಲದಲ್ಲಿ ಊಟದ ಡಬ್ಬಿ, ಇನ್ನೂ ಎರಡು ಅಡುಗೆಮನೆ ನೋಡುವ ಅವಸರ. ಒಲೆ, ಪಾತ್ರೆ, ಕೈ ತೊಳೆಯುವ ಜಾಗ ಸುತ್ತಿ ಬಂದು ಕುರ್ಚಿಯಲ್ಲಿ ಕುಸಿದರು. ನಾನು ಟಿವಿ ಮುಂದೆ ನಿಂತೆ. ಎದೆಯ ತಳದಿಂದ ಶುರುಮಾಡಿದೆ. ಅಂಕಿಗಳನ್ನು ಓದಲಿಲ್ಲ, ಆಡಿದೆ! ಹಸಿರು ಗೆರೆ ಎಲ್ಲೆಲ್ಲಿ ಬಾಗುತ್ತದೋ ಅಲ್ಲಲ್ಲಿ ನನ್ನ ದನಿಯೂ ಬಾಗಿತು. ಮೇಡಂ ಕೆನ್ನೆ ಮೇಲಿನ ಕೈ ತೆಗೆದು ನೆಟ್ಟಗೆ ಕೂತರು.

ಆಗ ಟ್ಯಾಬ್ ಅರಚಿತು.

ಟೀಂ ಟೀಂ ಟೀಂ! ಟಿವಿ ತುಂಬ ಕೆಂಪು. ಕೋಲ್ಡ್ ರೂಮ್, ಒಂಬತ್ತು ಡಿಗ್ರಿ. ಹನ್ನೊಂದು. ಹದಿನಾಲ್ಕು. ಅಳಿಯನ ಮುಖ ಹಿಂಡಿದ ನಿಂಬೆಹಣ್ಣು.

"ಏನ್ರೀ ಇದು?" ಮೇಡಂ ಎದ್ದರು. "ನಡೀರಿ, ಕೋಲ್ಡ್ ರೂಮ್ ನೋಡೋಣ."

ಹೌದು, ನೋಡೋಣ ಬನ್ನಿ — ಇಷ್ಟು ಅಂದಿದ್ದರೆ ಮುಗಿಯುತ್ತಿತ್ತು. ಬಾಯಿ ತೆರೆದೆ. ಬಂದದ್ದು ಬೇರೆ.

"ನಿಲ್ಲಿ ಮೇಡಂ! ನೀವು ನೋಡ್ತಿರೋದು ದೋಷ ಅಲ್ಲ, ಎಚ್ಚರಿಕೆ! ಈಗ ತಾನೇ ಮಾಲು ಬಂದಿದೆ, ಒಳಗಿಡೋಕೆ ಬಾಗಿಲು ತೆರೆದಿದಾರೆ. ಈಗ ನಾವೂ ನುಗ್ಗಿದ್ರೆ ಇನ್ನೂ ಏರುತ್ತೆ. ಬಾಗಿಲು ಹಾಕಿಸ್ತೀನಿ. ನೀವು ಇಲ್ಲೇ ಕೂತು ನೋಡಿ, ಹೇಗೆ ಇಳಿಯುತ್ತೆ ಅಂತ!"

ಅಳಿಯ ಓಡಿದ. ಮೇಡಂ ಕೂತರು. ನಾನು ಆ ಹೊತ್ತನ್ನೆಲ್ಲ ಮಾತಿನಿಂದ ತುಂಬಿದೆ. ಗಾಳಿ, ಬಿಸಿ, ಬಾಗಿಲು, ಕರ್ತವ್ಯ... ಏನೇನೋ. ಗೆರೆ ತಿರುಗಿತು. ಸರಸರ ಇಳಿಯಿತು. ಹತ್ತು, ಏಳು, ನಾಲ್ಕು. ಹಸಿರು.

"ಇಷ್ಟು ಬೇಗ ತಣ್ಣಗಾಗೋ ಕೋಲ್ಡ್ ರೂಮ್ ನಾನು ಎಲ್ಲೂ ನೋಡಿಲ್ಲ," ಅಂದರು ಮೇಡಂ. ತಮ್ಮ ಫೋನಿನಲ್ಲಿ 'ಉತ್ತಮ' ಅಂತ ಒತ್ತಿದರು. ಹೊರಡುವಾಗ ನಕ್ಕರು. "ನೀವು ನಾಟಕದವರಾ?"

"ರಕ್ತದಲ್ಲೇ ಇದೆ ಮೇಡಂ."

ಥೂ ನನ್ನ ರಕ್ತಕ್ಕೆ.

ಆಗಿದ್ದೇನು ಅಂತ ಆಮೇಲೆ ತಿಳಿಯಿತು. ನಮ್ಮಲ್ಲಿ ಒರೆಸಿ ತೊಳೆಯುವ ಹೆಂಗಸನ್ನು ಎಲ್ಲರೂ ಚಿಕ್ಕಮ್ಮ ಅನ್ನುತ್ತೇವೆ. ಇನ್‌ಸ್ಪೆಕ್ಷನ್ ಅಂತ ಎಲ್ಲಾ ತೊಳೀ ಅಂದಿದ್ದರಂತೆ. ಆಫೀಸಿನ ಫ್ರಿಜ್ಜನ್ನೂ ಆಫ್ ಮಾಡಿ, ಬಾಗಿಲು ತೆರೆದು, ಐಸ್ ಕರಗಿಸಿ ಒರೆಸಿದ್ದಾಳೆ. ಅಳಿಯ ಓಡಿಹೋಗಿ ಕಡ್ಡಿಗೆ ಐಸ್ ಪ್ಯಾಕ್ ಸುತ್ತಿ ಹಿಡಿದು ನಿಂತಿದ್ದಾನೆ.

"ಫ್ರಿಜ್ ಯಾಕೆ ಮುಟ್ಟಿದೆ?" ಅಳಿಯ ಕುಣಿದಾಡಿದ.

"ಕೊಳೆ ಇತ್ತು, ಮುಟ್ಟಿದೆ. ಯಾವನೋ ಅದರೊಳಗೆ ಕಡ್ಡಿ ಬೇರೆ ಸಿಗಿಸಿದ್ದ."

"ಅದು ಕೋಲ್ಡ್ ರೂಮ್ ಕಡ್ಡಿ!"

"ಓ, ಇದು ಕೋಲ್ಡ್ ರೂಮಾ? ಹಾಗಾದ್ರೆ ಆ ಕಡೆ ನಾನು ದಿನಾ ಮೂಗು ಕಟ್ಕೊಂಡು ಒರೆಸೋದು ಏನಪ್ಪಾ, ಹೆಣ ಇಡೋ ಕೋಣೇನಾ?"

ಎಲ್ಲರೂ ನಕ್ಕರು. ಯಜಮಾನರೂ ನಕ್ಕರು. ನಾನೂ.

ಜೂನ್ ೯, ಭಾನುವಾರ

ಕಂಪ್ರೆಸರ್ ಬಗ್ಗೆ ಕೇಳಿದೆ. "ಉತ್ತಮ ಅಂತ ಕೊಟ್ಟಿದಾರಲ್ಲ, ಇನ್ನೇನು ಅವಸರ?" ಅಂದರು ಯಜಮಾನರು.

ಮಧ್ಯಾಹ್ನ ಮನೆಯಿಂದ ಡಬ್ಬಿ ಕಟ್ಟಿಸಿಕೊಂಡು ಅಕ್ಕನ ಹತ್ತಿರ ಹೋದೆ. ಕಾಲು ಮೇಲಕ್ಕೆ ಕಟ್ಟಿದ್ದಾರೆ, ಬಾಯಿ ಕಟ್ಟಿಲ್ಲ. ಇಡೀ ವಾರ್ಡು ಅವಳ ದರ್ಬಾರು. ಅಪ್ಪನ ಕಂಪನಿಯಲ್ಲಿ ರಾಣಿ ಪಾತ್ರವೆಲ್ಲ ಅವಳದೇ ಆಗಿತ್ತು.

"ಬಂದ ನೋಡಿ ನನ್ನ ತಮ್ಮ! ನೀವು ಉಣ್ಣೋದೆಲ್ಲ ಇವನ ಅಡುಗೆಮನೇದೇ. ಧೈರ್ಯವಾಗಿ ಊಟ ಮಾಡಿ!"

ಪಕ್ಕದ ಹಾಸಿಗೆಯ ಅಜ್ಜಿ ನನಗೆ ಕೈ ಮುಗಿದರು. ಎಲ್ಲಿ ನೋಡಲಿ ಅನ್ನಿಸಿತು.

ಅಕ್ಕನ ಕಿವಿಯಲ್ಲಿ ಹೇಳಿದೆ. "ಇನ್ಮೇಲೆ ಇಲ್ಲೀದು ಬೇಡ. ದಿನಾ ಮನೆಯಿಂದ ತರ್ತೀನಿ."

"ಯಾಕೋ?"

"ಸುಮ್ನೆ. ಮನೆ ಊಟ ಒಳ್ಳೇದು."

ನನ್ನ ಮುಖವನ್ನೇ ನೋಡಿದಳು. ಡಬ್ಬಿ ಇಸಿದುಕೊಂಡಳು. ಸಮಾಧಾನದಿಂದ ಮೆಟ್ಟಿಲಿಳಿದೆ. ನನ್ನವಳೊಬ್ಬಳನ್ನು ಪಕ್ಕಕ್ಕೆ ಎಳೆದುಕೊಂಡೆ, ಉಳಿದವರು ಉಣ್ಣಲಿ! ಎಂಥಾ ವೀರ. ಚಪ್ಪಾಳೆ ತಟ್ಟಿ, ಮಹಾಜನಗಳೇ.

ಜೂನ್ ೧೧, ಮಂಗಳವಾರ

ಡಬ್ಬಿ ಕೊಟ್ಟು ಬಂದೆ. ಬರೆಯಲು ಮನಸ್ಸಿಲ್ಲ. ಕೋಳಿ ಸೂಪಿನ ಕಡಾಯಿಯ ಹತ್ತಿರ ನಿಲ್ಲಲಾಗಲಿಲ್ಲ. ಟ್ಯಾಬಿನಲ್ಲಿ ನಾಲ್ಕು ಡಿಗ್ರಿ.

ಜೂನ್ ೧೫, ಶನಿವಾರ

ಮೂರು ದಿನ ಆಸ್ಪತ್ರೆಯಲ್ಲೇ. ಪೆನ್ನು ಹಿಡಿದಿಲ್ಲ.

ಬುಧವಾರ ಬೆಳಗಿನ ಜಾವದಿಂದ ಮೂಳೆ ವಾರ್ಡಿನಲ್ಲಿ ಒಬ್ಬರಾದ ಮೇಲೊಬ್ಬರಿಗೆ ವಾಂತಿ, ಭೇದಿ. ಎದ್ದು ಓಡಲಾರದ ಜನ. ಒಬ್ಬರಿಗೆ ಸೊಂಟ ಮುರಿದಿದೆ, ಒಬ್ಬರಿಗೆ ಕಾಲು. ಹಾಸಿಗೆಯಲ್ಲೇ ಎಲ್ಲ. ಆ ನಾಚಿಕೆಯಲ್ಲಿ ಮುಖಕ್ಕೆ ಹೊದಿಕೆ ಎಳೆದುಕೊಂಡು ಮಲಗಿದ್ದಾರೆ. ಪಕ್ಕದ ಅಜ್ಜಿಯನ್ನು ಐಸಿಯುಗೆ ಒಯ್ದರು.

ಅಕ್ಕನಿಗೂ. ಹಾಸಿಗೆಯ ಹತ್ತಿರ ಬಗ್ಗಿ ಕೇಳಿದೆ. "ನಿಂಗೆ ಹೇಗೆ? ನೀನು ಮನೆ ಡಬ್ಬಿ ತಾನೇ ಉಂಡಿದ್ದು?"

ತುಟಿ ಒಣಗಿತ್ತು. ದನಿ ಮಾತ್ರ ರಾಣಿಯದೇ. "ಆ ಮೂಲೆ ಹುಡುಗಿಗೆ ಮನೆಯಿಂದ ಯಾರೂ ಬರಲ್ಲ ಕಣೋ. ಡಬ್ಬಿ ಅವಳಿಗೆ ಕೊಡ್ತಿದ್ದೆ. ನಾನು ನಿನ್ನ ಅಡುಗೆಮನೇದೇ ಉಣ್ತಿದ್ದೆ. ತಮ್ಮಂದು ಬಿಟ್ಟು ನಾನೇ ಬೇರೆ ಉಂಡ್ರೆ ವಾರ್ಡಿನವರು ಏನಂದ್ಕೋತಾರೆ?"

ಮೂಲೆಯ ಹುಡುಗಿ ಮಾತ್ರ ಆರಾಮಾಗಿದ್ದಾಳೆ.

ಹೊರಗೆ ಬಂದು ಬಚ್ಚಲಲ್ಲಿ ನಾನೂ ವಾಂತಿ ಮಾಡಿಕೊಂಡೆ. ಏನೂ ಉಂಡಿರಲಿಲ್ಲ.

ಜೂನ್ ೧೬, ಭಾನುವಾರ, ಸಂಜೆ ಐದು

ಅಕ್ಕನಿಗೆ ಹಾಕಿದ್ದ ಡ್ರಿಪ್ ತೆಗೆದಿದ್ದಾರೆ. ಗಂಜಿ ಕುಡಿದಳಂತೆ. ಅಜ್ಜಿ ಇನ್ನೂ ಐಸಿಯುನಲ್ಲೇ. ಇಷ್ಟೆಲ್ಲ ಆದರೂ ಅಡುಗೆಮನೆ ನಡೆಯುತ್ತಿದೆ. ನಿನ್ನೆ ಬಂದ ಕೋಳಿಯೂ ಅದೇ ಕೋಣೆಯಲ್ಲಿ. ಹೋಗಿ ನೋಡಿದೆ. ಟ್ರೇಯ ಕೆಳಗೆ ಅದೇ ನೀರು.

ಯಜಮಾನರು ಕರೆಸಿದರು. ವಾರ್ಡಿನಿಂದ ದೂರು ಹೋಗಿದೆ. ನಾಳೆ ಬೆಳಿಗ್ಗೆ ಅದೇ ಮೇಡಂ ಮತ್ತೆ ಬರುತ್ತಾರೆ, ದಾಖಲೆ ನೋಡಲು.

"ಏನೂ ಹೆದರಬೇಡಿ," ಅಂದರು. ನಾನು ಹೆದರಿದ್ದೇನೆ ಅಂತ ಅವರಿಗೆ ಅನ್ನಿಸಿದ್ದು ಹೇಗೋ. "ಆವತ್ತು ಬಾಗಿಲು ತೆರೆದದ್ದು ಬಿಟ್ರೆ ಒಂದು ದಿನಾನೂ ಐದು ಡಿಗ್ರಿ ದಾಟಿಲ್ಲ, ಟ್ಯಾಬ್ ಇದೆ, ಸಾಕ್ಷಿ ಇದೆ. ನಮ್ಮಿಂದ ಆದದ್ದಲ್ಲ, ನೀರಿಂದ ಆಗಿರಬೇಕು ಅನ್ನಿ. ಹೋದ ಸಲದ ಹಾಗೇ ಹೊಡೆದುಬಿಡಿ."

ಅಳಿಯ ಆಫೀಸಿಗೆ ಬೀಗ ಜಡಿದಿದ್ದಾನೆ, ಚಿಕ್ಕಮ್ಮ ಒಳಗೆ ಬಾರದಿರಲಿ ಅಂತ. "ಫ್ರಿಜ್ ಫುಲ್ ಕೂಲಲ್ಲಿ ಇಟ್ಟಿದೀನಿ ಅಂಕಲ್, ನಾಳೆ ಮೂರು ತೋರಿಸುತ್ತೆ!" ನಗುತ್ತಿದ್ದ.

ಆಗಲಿ ಅಂದು ಬಂದೆ.

ಹೆಂಡತಿಗೆ ಎಲ್ಲ ಹೇಳಿದೆ, ಕಡ್ಡಿಯಿಂದ ಹಿಡಿದು. ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಥೂ. ನೀವೂ ಅಲ್ಲೇ ನಿಂತಿದ್ರಾ?"

"ನಿಂತಿದ್ದೆ."

"ಆ ಅಜ್ಜಿ ನಿಮಗೆ ಕೈ ಮುಗಿದ್ರು ಅಂದ್ರಿ."

"ಮುಗಿದ್ರು."

ಸೊಪ್ಪಿನ ಬುಟ್ಟಿಯನ್ನು ಪಕ್ಕಕ್ಕೆ ತಳ್ಳಿದಳು.

"ನಾಳೆ ಮೇಡಂ ಮುಂದೆ ನಿಂತು ಎಲ್ಲಾ ಹೇಳಿಬಿಡ್ತೀನಿ," ಅಂದೆ. ದನಿ ತಾನಾಗಿ ಏರಿತು. "ಅಡುಗೆಮನೆ ಗೋಡೆ ನಡುಗೋ ಹಾಗೆ ಹೇಳ್ತೀನಿ!"

"ಅಯ್ಯೋ, ಬಾಯಿ ಒಂದು ಬಿಡಬೇಡಿ ಮಾರಾಯ್ರೇ. ನೀವು ಬಾಯಿ ತೆಗೆದ್ರೆ ಸುಳ್ಳೂ ನಿಜದ ಹಾಗೆ ಕೇಳುತ್ತೆ, ನಿಜಾನೂ ನಾಟಕದ ಹಾಗೆ ಕೇಳುತ್ತೆ. ಆ ಅಳಿಯ ಇನ್ನೊಂದು ಗೆರೆ ತೋರಿಸ್ತಾನೆ, ಮುಗೀತು."

"ಕೆಲಸ ಹೋಗುತ್ತೆ."

"ಹೋಗ್ಲಿ. ಆ ಕೈಯಲ್ಲಿ ತಂದಿದ್ದು ನಂಗೆ ಇನ್ನು ಗಂಟಲಲ್ಲಿ ಇಳಿಯಲ್ಲ."

ಮತ್ತೆ ಸೊಪ್ಪಿಗೆ ಕೈ ಹಾಕಿದಳು. ಅಷ್ಟೇ.

ಸರಿ. ನಾಳೆ ಬೆಳಿಗ್ಗೆ ಮಾಡುವುದು ಇಷ್ಟು. ಎಲ್ಲರಿಗಿಂತ ಮೊದಲು ಹೋಗುತ್ತೇನೆ. ಗೇಟಿನಲ್ಲೇ ನಿಲ್ಲುತ್ತೇನೆ. ಮೇಡಂ ಬಂದ ಕೂಡಲೇ, ಊಟದ ಹಾಲ್ ಎಡಕ್ಕಿದೆ, ನಾನು ಬಲಕ್ಕೆ, ಕೋಲ್ಡ್ ರೂಮಿನ ಕಡೆ ತಿರುಗುತ್ತೇನೆ. ಯಜಮಾನರು ಕೂಗುತ್ತಾರೆ, ಕೂಗಲಿ. ಅಳಿಯ ಟ್ಯಾಬ್ ಹಿಡಿದು ಅಡ್ಡ ಬರುತ್ತಾನೆ, ಬರಲಿ. ಒಂದು ಪದ ಆಡುವುದಿಲ್ಲ. ಆ ಅಂಟು ಹಿಡಿಯನ್ನು ಹಿಡಿದು ಬಾಗಿಲು ಪೂರ್ತಿ ಎಳೆಯುತ್ತೇನೆ, ಪಕ್ಕಕ್ಕೆ ಸರಿದು ನಿಲ್ಲುತ್ತೇನೆ, ತುಟಿ ಕಚ್ಚಿಕೊಂಡು, ಮೇಡಂ ಒಳಗೆ ಕಾಲಿಟ್ಟು ಉಸಿರು ಎಳೆದುಕೊಳ್ಳುವವರೆಗೆ —